ವಯರಿಲ್ಲದ ಡ್ರಿಲ್ಲು: ಕೊಳ್ಳುವ ಮೊದಲು ತೂತು ಎಣಿಸಿ

ಕೂರಿಗೆಯ ದಿಂಡಿಗೆ ಹೊಸ ಬೋಲ್ಟು. ದನದ ಮನೆಯ ಪತ್ರಾಸಿಗೆ ಸ್ಕ್ರೂ. ಬಾಗಿಲ ಕೀಲು, ಅಡುಗೆ ಮನೆಯ ಗೂಟ, ಹನಿ ನೀರಾವರಿ ಪೈಪಿಗೆ ತೂತು, ಬಂಡಿಯ ಪಟ್ಟಿ. ವರ್ಷವಿಡೀ ಕೃಷಿಕನ ಮನೆಯಲ್ಲಿ ತೂತು ಹೊಡೆಯುವ ಕೆಲಸ ಇದ್ದೇ ಇರುತ್ತದೆ. ಮೊದಲಾದರೆ ಬಡಗೇರ, ಕಂಬಾರರು ಊರಲ್ಲೇ ಇದ್ದರು, ಆಯ ಕೊಟ್ಟರೆ ಕೆಲಸ ಆಗುತ್ತಿತ್ತು. ಈಗ ಒಂದು ತೂತಿಗಾಗಿ ಕುಂಟೆ ಹೊತ್ತು ಚಿಂಚೋಳಿಗೆ ಹೋಗಿ ಬರಬೇಕಾದ ಕಾಲ. ಹಾಗಾಗಿ ಬ್ಯಾಟರಿ ಡ್ರಿಲ್ಲಿನ ಮೇಲೆ ಎಲ್ಲರ ಕಣ್ಣು.

ಚಿಮ್ಮನಚೋಡದಂಥ ಊರಲ್ಲಿ ಈ ಯಂತ್ರ ಆರಿಸುವುದಕ್ಕೂ ಪೇಟೆಯ ಫ್ಲಾಟಿನವರು ಆರಿಸುವುದಕ್ಕೂ ಬಹಳ ಫರಕು. ಅವರದು ಸಿಮೆಂಟಿನ ಗೋಡೆ, ಕೈಗೆಟಕುವ ಪ್ಲಗ್ಗು. ನಮ್ಮದು ಕಲ್ಲಿನ ಗೋಡೆ, ಜಾಲಿ ಕಟ್ಟಿಗೆ, ಕರೆಂಟಿಲ್ಲದ ಹೊಲ, ಮೇಲೆ ಬೇಸಿಗೆ ಬಿಸಿಲು. ಎರಡು ಬ್ಯಾಟರಿ ಸಮೇತ ಒಂದು ಒಳ್ಳೆಯ 18 ವೋಲ್ಟಿನ ಸೆಟ್ಟಿಗೆ ಹೆಚ್ಚೂಕಡಿಮೆ ಒಂದು ಕ್ವಿಂಟಾಲ್ ತೊಗರಿಯ ದುಡ್ಡು ಬೇಕು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಅಷ್ಟು ತೊಗರಿ ಕೊಟ್ಟು ತಂದದ್ದು ಒಂದು ಮಳೆಗಾಲ ದಾಟದೆ ಮೂಲೆ ಸೇರಬಾರದು.

ಬೈರಿಗೆಯಿಂದ ಬ್ಯಾಟರಿಗೆ

ಬಡಗೇರರ ದಾರದ ಬೈರಿಗೆಗೆ ಕರೆಂಟ್ ಬೇಕಿರಲಿಲ್ಲ. ಎಲ್ಲಿ ಕೆಲಸವೋ ಅಲ್ಲಿಗೆ ಬೈರಿಗೆ ಹೋಗುತ್ತಿತ್ತು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿದ ಮೇಲೆ ಕೆಲಸವೇ ಕರೆಂಟ್ ಇದ್ದಲ್ಲಿಗೆ ಬರಬೇಕಾಯಿತು. 1961ರಲ್ಲಿ ಅಮೆರಿಕದ ಬ್ಲಾಕ್ ಅಂಡ್ ಡೆಕರ್ ಬ್ಯಾಟರಿ ಡ್ರಿಲ್ ತಂದಿತು. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ನೆಲ ಕೊರೆದದ್ದೂ ಬ್ಯಾಟರಿ ಡ್ರಿಲ್ಲಿನಿಂದಲೇ. ಆಗಿನ ಬ್ಯಾಟರಿಗಳು ಭಾರ, ಶಕ್ತಿ ಕಡಿಮೆ. ಮೊಬೈಲಿನಲ್ಲಿರುವ ಲಿಥಿಯಂ ಬ್ಯಾಟರಿ 2000ರ ನಂತರ ಡ್ರಿಲ್ಲಿಗೂ ಬಂತು. ಅಲ್ಲಿಂದ ಮುಂದೆ ಇದು ಸಾಮಾನ್ಯರ ಕೈಗೆ ಸಿಕ್ಕಿತು.

ಅಂದರೆ ಬ್ಯಾಟರಿ ಡ್ರಿಲ್ಲು ಮತ್ತೆ ಬೈರಿಗೆಯೇ. ಕೆಲಸ ಇದ್ದಲ್ಲಿಗೆ ಹೋಗುವುದೇ ಇದರ ದೊಡ್ಡ ಗುಣ. ಶಕ್ತಿಯಲ್ಲಿ ವಯರಿನ ಯಂತ್ರದ ಜೊತೆ ಪೈಪೋಟಿಗೆ ನಿಲ್ಲಿಸಿದರೆ, ಅದೇ ದುಡ್ಡಿಗೆ ವಯರಿನದೇ ಗೆಲ್ಲುತ್ತದೆ.

ಮೊದಲು ಒಂದು ಪಟ್ಟಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ, ಪೆನ್ನು ಹಿಡಿದು ಕೂಡಿ. ಹೋದ ವರ್ಷ ಮನೆಯಲ್ಲಿ, ಹೊಲದಲ್ಲಿ ಎಷ್ಟು ತೂತು ಬೇಕಾದವು? ಯಾವುದರಲ್ಲಿ? ಎಷ್ಟು ದಪ್ಪದ್ದು? ಅಲ್ಲಿ ಕರೆಂಟ್ ಇತ್ತೋ ಇಲ್ಲವೋ? ಈ ನಾಲ್ಕೇ ಪ್ರಶ್ನೆ.

ಬರೆದು ನೋಡಿದರೆ ಬಹಳ ಮನೆಗಳಲ್ಲಿ ಲೆಕ್ಕ ಎರಡು ಗುಂಪಾಗುತ್ತದೆ. ಗೋಡೆಯ ತೂತು ಎಲ್ಲ ಮನೆಯೊಳಗೆ, ಕರೆಂಟ್ ಇರುವಲ್ಲಿ. ಕಟ್ಟಿಗೆ, ತಗಡು, ಪೈಪು, ಕಬ್ಬಿಣದ ತೂತು ಹೊಲದಲ್ಲಿ, ಕೊಟ್ಟಿಗೆ ಮೇಲೆ, ಕರೆಂಟ್ ಇಲ್ಲದಲ್ಲಿ. ಹೀಗೆ ಎರಡು ಗುಂಪಾದರೆ ಅರ್ಧ ಉತ್ತರ ಸಿಕ್ಕಂತೆ. ಮೊದಲ ಗುಂಪೇ ದೊಡ್ಡದಿದ್ದರೆ ಬ್ಯಾಟರಿಯ ಗೊಡವೆ ಬೇಡ. ವಯರಿನ 13 ಮಿ.ಮೀ. ಯಂತ್ರ ಸುಮಾರು ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, ಹತ್ತು ವರ್ಷವಾದರೂ ಅದಕ್ಕೆ ‘ಬ್ಯಾಟರಿ ಸತ್ತಿತು’ ಅನ್ನುವ ರೋಗ ಬರುವುದಿಲ್ಲ.

ನಿಮ್ಮ ಗೋಡೆ ಯಾವ ಕಲ್ಲಿನದು?

ಯಂತ್ರದ ಬಲಕ್ಕಿಂತ ಮೊದಲು ಗೋಡೆಯ ಜಾತಿ ನೋಡಬೇಕು. ನಮ್ಮ ಸೀಮೆಯಲ್ಲಿ ಮುಖ್ಯವಾಗಿ ನಾಲ್ಕು ತರಹ.

ಶಹಾಬಾದಿ ಫರಸಿ: ಇದು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಈ ಸೀಮೆಯಲ್ಲಿ ಬೇರೂರಿದ್ದೇ ಸುಣ್ಣದ ಕಲ್ಲಿನಿಂದ. ಗ್ರಾನೈಟಿಗೆ ಹೋಲಿಸಿದರೆ ಮೆತ್ತಗೆ. ಆದರೆ ಪದರ ಪದರವಾಗಿರುವ ಕಲ್ಲು, ಬಡಿದರೆ ಸೀಳುತ್ತದೆ. ಕಪಾಟಿನ ಹಲಗೆ, ಕಟ್ಟೆ, ಚಾವಣಿಗೆ ಹಾಕಿದ ತೆಳು ಫರಸಿಗೆ ಬಡಿತದ ಗುಂಡಿ ಹಚ್ಚಲೇಬೇಡಿ. ತುದಿಗೆ ಕಾರ್ಬೈಡ್ ಇರುವ ಕಲ್ಲಿನ ಬಿಟ್ಟು ಹಾಕಿ ಬರೀ ತಿರುಗಿಸಿ, ನಿಧಾನ ವೇಗದಲ್ಲಿ. ಅಂಚಿನಿಂದ ನಾಲ್ಕು ಬೆರಳಾದರೂ ದೂರ ಇರಲಿ. ಹಿಂದೆ ಒಂದು ಕಟ್ಟಿಗೆ ತುಂಡು ಒತ್ತಿ ಹಿಡಿದರೆ ಬಿಟ್ಟು ಹೊರಬರುವ ಕಡೆ ಚಕ್ಕೆ ಏಳುವುದಿಲ್ಲ. ಕಲ್ಲಿನ ಮೇಲೆ ಆಗಾಗ ನಾಲ್ಕು ಹನಿ ನೀರು ಬಿಟ್ಟರೆ ಬಿಟ್ಟು ಕಾಯುವುದಿಲ್ಲ, ಧೂಳೂ ಕಡಿಮೆ. ನೀರು ಯಂತ್ರಕ್ಕೆ ತಾಗದಿರಲಿ.

ಕರಿಕಲ್ಲು: ಇದು ಹಟಮಾರಿ. ಸಣ್ಣ ಬ್ಯಾಟರಿ ಡ್ರಿಲ್ಲು ಇದರ ಮೇಲೆ ಬರೀ ಸದ್ದು ಮಾಡುತ್ತದೆ, ಒಳಗೆ ಹೋಗುವುದಿಲ್ಲ. ಹಳೆಯ ಮಣ್ಣು-ಕಲ್ಲಿನ ಗೋಡೆಯಾದರೆ ಇನ್ನೊಂದು ತಂಟೆ. ಕಲ್ಲಿನ ಸಂದಿನ ಮಣ್ಣಿನಲ್ಲಿ ತೂತು ಸಲೀಸಾಗಿ ಬೀಳುತ್ತದೆ, ಪ್ಲಾಸ್ಟಿಕ್ ಗಿಟ್ಟಿ ನಿಲ್ಲುವುದಿಲ್ಲ. ಅಲ್ಲಿ ಹಿರಿಯರು ಮಾಡಿದಂತೆ ಒಣಗಿದ ಕಟ್ಟಿಗೆಯ ಗೂಟ ಬಡಿದು, ಆ ಗೂಟಕ್ಕೆ ಸ್ಕ್ರೂ ಹಾಕುವುದೇ ಬರಾಬರಿ.

ಜಂಬಿಟ್ಟಿಗೆ, ಇಟ್ಟಿಗೆ: ಇವೆರಡೂ ಸುಲಭ. ಬಡಿತದ ಗುಂಡಿ ಇರುವ ಸಾಮಾನ್ಯ ಬ್ಯಾಟರಿ ಡ್ರಿಲ್ಲು ಸಾಕು.

ಕಾಂಕ್ರೀಟ್: ಸ್ಲ್ಯಾಬು, ಬೀಮು, ಕಂಬ. ಒಂದೆರಡು 6 ಮಿ.ಮೀ. ತೂತಾದರೆ ಬಡಿತದ ಡ್ರಿಲ್ಲು ಹೇಗೋ ಮಾಡೀತು. ಹತ್ತಿಪ್ಪತ್ತು ಬೇಕಾದರೆ ಸುತ್ತಿಗೆ ಡ್ರಿಲ್ಲೇ ಆಗಬೇಕು.

ಈ ‘ಬಡಿತ’ ಮತ್ತು ‘ಸುತ್ತಿಗೆ’ ಎರಡನ್ನೂ ಅಂಗಡಿಯಲ್ಲಿ ಹ್ಯಾಮರ್ ಅಂತಲೇ ಕರೆಯುತ್ತಾರೆ. ಎರಡೂ ಬೇರೆ. ಸಾಮಾನ್ಯ ಡ್ರಿಲ್ಲಿನಲ್ಲಿ ಎರಡು ಹಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕಟಕಟ ಅನ್ನುತ್ತವೆ. ಬಡಿತ ಬಹಳ, ಒಂದೊಂದರ ಪೆಟ್ಟು ಸಣ್ಣದು. ಸುತ್ತಿಗೆ ಡ್ರಿಲ್ಲಿನ ಒಳಗೆ ಗಾಳಿ ಒತ್ತಿ ಓಡುವ ಪಿಸ್ಟನ್ ಇರುತ್ತದೆ. ಪೆಟ್ಟು ದೊಡ್ಡದು, ನಾವು ಮೈಭಾರ ಹಾಕಿ ಒತ್ತಬೇಕಾಗಿಲ್ಲ. ಇದರ ಬಿಟ್ಟಿನ ಹಿಂಬದಿಗೆ ಗಾಡಿ ಕೊರೆದಿರುತ್ತದೆ, ಎಸ್‌ಡಿಎಸ್ ಅಂತ ಹೆಸರು. ಪೆಟ್ಟಿನ ಬಲವನ್ನು ಜೂಲ್ ಲೆಕ್ಕದಲ್ಲಿ ಬರೆದಿರುತ್ತಾರೆ. ಡಬ್ಬಿಯ ಮೇಲೆ ಜೂಲ್ ಅಂಕಿ ಇಲ್ಲದೆ ಬರೀ ‘ಹ್ಯಾಮರ್’ ಅಂತಿದ್ದರೆ ಅದು ಕಟಕಟದ್ದೇ ಅಂತ ತಿಳಿಯಿರಿ.

ವೋಲ್ಟಿನ ಮಾಯೆ

“ನಲವತ್ತೆಂಟು ವೋಲ್ಟ್ ಅದ ನೋಡ್ರಿ, ಅವನ್ದು ಬರೇ ಹದಿನೆಂಟು.” ಸಂತೆಯಲ್ಲಿ ಈ ಮಾತು ಕೇಳಿದರೆ ತುಸು ನಿಲ್ಲಿ. ಲೆಕ್ಕ ಸರಳ ಇದೆ.

ಬ್ಯಾಟರಿ ಪ್ಯಾಕಿನ ಒಳಗೆ ಬೆರಳು ಗಾತ್ರದ ಲಿಥಿಯಂ ಕೋಶಗಳಿರುತ್ತವೆ. ಒಂದು ಕೋಶಕ್ಕೆ ಸರಾಸರಿ 3.6 ವೋಲ್ಟು. ಪೂರ್ತಿ ಚಾರ್ಜಾದಾಗ 4.2. ಐದು ಕೋಶ ಸಾಲಾಗಿ ಕಟ್ಟಿದರೆ 18 ವೋಲ್ಟು, ತುಂಬಿದಾಗ 21. ಒಬ್ಬ 18 ಅಂತ ಬರೆದರೆ ಇನ್ನೊಬ್ಬ 20, ಮತ್ತೊಬ್ಬ 21 ಅಂತ ಬರೆಯುತ್ತಾನೆ. ಮೂವರದೂ ಒಂದೇ ಎತ್ತು, ಹೆಸರು ಬೇರೆ. ಮೂರು ಕೋಶ ಇದ್ದರೆ 10.8 ವೋಲ್ಟು. ಅದನ್ನೇ 12 ಅನ್ನುತ್ತಾರೆ.

ಹಾಗಾದರೆ 48, 88, 128 ಅಂತ ದೊಡ್ಡಕ್ಷರದಲ್ಲಿ ಬರೆದದ್ದು? ಹೆಸರಿಲ್ಲದ ಅಗ್ಗದ ಯಂತ್ರಗಳ ಮೇಲೆ ಆ ಅಂಕಿ ಬಹುಮಟ್ಟಿಗೆ ಬರೀ ಅಲಂಕಾರ, ಒಳಗೆ ಅದೇ ಐದು ಕೋಶ. ಕಂಡುಹಿಡಿಯುವ ದಾರಿ ಚಾರ್ಜರಿನಲ್ಲಿದೆ. ಇಂಥ ಯಂತ್ರದ ಚಾರ್ಜರ್ ತಿರುವಿ ‘ಔಟ್‌ಪುಟ್’ ಅಂಕಿ ಓದಿ. 12.6 ವೋಲ್ಟ್ ಇದ್ದರೆ ಮೂರು ಕೋಶ, 16.8 ಇದ್ದರೆ ನಾಲ್ಕು, 21 ಇದ್ದರೆ ಐದು. ಚಾರ್ಜರ್ 21 ಕೊಡುವಾಗ ಬ್ಯಾಟರಿ 48 ಇರಲು ಸಾಧ್ಯವೇ ಇಲ್ಲ. ಯಂತ್ರದ ಮೈಮೇಲೆ ಏನೇ ಬರೆದಿರಲಿ, ಚಾರ್ಜರಿನ ಅಂಕಿಯನ್ನು ನಂಬಿ.

ಟಾಕಿಯಲ್ಲಿ ನೀರೆಷ್ಟು?

ವೋಲ್ಟು ನೀರಿನ ಒತ್ತಡ ಇದ್ದ ಹಾಗೆ. ಟಾಕಿಯಲ್ಲಿ ಎಷ್ಟು ನೀರಿದೆ ಅಂತ ಹೇಳುವುದು ಎ.ಎಚ್. ಅನ್ನುವ ಅಂಕಿ, ಅಂದರೆ ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್. ಇದೇ ನಿಜವಾದ ಶಕ್ತಿಯ ಲೆಕ್ಕ.

ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇ ಪಂಪು ಎಲ್ಲರಿಗೂ ಗೊತ್ತು. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟಿನ 8 ಎ.ಎಚ್. ಬ್ಯಾಟರಿ, ಗುಣಿಸಿದರೆ 96 ವ್ಯಾಟ್-ಅವರ್. ಡ್ರಿಲ್ಲಿನ 18 ವೋಲ್ಟ್, 2 ಎ.ಎಚ್. ಬ್ಯಾಟರಿಯಲ್ಲಿ 36 ಮಾತ್ರ. 4 ಎ.ಎಚ್. ಆದರೆ 72. ಮೂರು ಕೋಶದ, 2 ಎ.ಎಚ್. ಸಣ್ಣ ಯಂತ್ರದಲ್ಲಿ 22ರ ಹತ್ತಿರ.

ಜೋರಾಗಿ ಕೊರೆಯುವಾಗ ಯಂತ್ರ 250 ವ್ಯಾಟ್ ಎಳೆಯುತ್ತದೆ ಅಂತ ಹಿಡಿದರೆ 36 ವ್ಯಾಟ್-ಅವರ್ ಎಂಟೂವರೆ ನಿಮಿಷಕ್ಕೆ ಖಾಲಿ. ಎಂಟೂವರೆ ನಿಮಿಷ ಅಂದರೆ ಗಾಬರಿ ಬೇಡ. ಒಂದು ತೂತಿಗೆ ಹದಿನೈದು ಸೆಕೆಂಡು ಅಂದರೂ ಮೂವತ್ತರ ಆಸುಪಾಸು ತೂತು ಆಗುತ್ತವೆ. ಮನೆಗೆಲಸಕ್ಕೆ ಸಾಕು. ಕೊಟ್ಟಿಗೆಗೆ ಪತ್ರಾಸು ಹೊದಿಸಲು ಸಾಲದು. ಅದಕ್ಕೇ ಎರಡು ಬ್ಯಾಟರಿ ಬೇಕು ಅನ್ನುವುದು.

ಎ.ಎಚ್. ಅಂಕಿಯಲ್ಲೂ ಮೋಸ ಇರುತ್ತದೆ. ಪತ್ತೆಗೆ ತಕ್ಕಡಿ ಇದೆಯಲ್ಲ! ಒಂದು ಸಾಮಾನ್ಯ ಕೋಶ 45 ಗ್ರಾಂ ಆಸುಪಾಸು ತೂಗುತ್ತದೆ. 18 ವೋಲ್ಟಿನ 4 ಎ.ಎಚ್. ಪ್ಯಾಕು ಅರ್ಧ ಕಿಲೋದ ಹತ್ತಿರವೋ ಮೇಲೋ ಇರಬೇಕು. ಪಾವು ಕಿಲೋಗೆ ನಿಂತರೆ ಬರೆದದ್ದು ಸುಳ್ಳು.

ಇನ್ನೊಂದು ಮಾತು. ಐದು ಕೋಶ ಸಾಲಿನಲ್ಲಿ ಕಟ್ಟಿದ್ದರಿಂದ ಒಂದು ಕುಂಟಿದರೆ ಉಳಿದ ನಾಲ್ಕು ಗಟ್ಟಿ ಇದ್ದರೂ ಪ್ಯಾಕು ನಿಲ್ಲುತ್ತದೆ. ಅಗ್ಗದ ಪ್ಯಾಕಿನಲ್ಲಿ ಗಟ್ಟಿ-ಪೊಳ್ಳು ಕೋಶ ಬೆರೆತಿರುವುದರಿಂದ ಇದು ಬೇಗ ಆಗುತ್ತದೆ.

ತಿರುಚುವ ಬಲ, ಚಕ್ಕು, ಗೇರು

ತಿರುಚುವ ಬಲವನ್ನು ನ್ಯೂಟನ್-ಮೀಟರ್ ಅಂತ ಬರೆಯುತ್ತಾರೆ. ಒಂದು ಮೀಟರ್ ಉದ್ದದ ಪಾನಾ ನಟ್ಟಿಗೆ ಹಾಕಿ ತುದಿಗೆ 4 ಕಿಲೋ ಭಾರ ನೇತು ಬಿಟ್ಟರೆ ನಟ್ಟಿನ ಮೇಲೆ ಬೀಳುವ ಬಲ ಸುಮಾರು 40 ನ್ಯೂಟನ್-ಮೀಟರ್. ಬಾಗಿಲ ಕೀಲು, ಪೈಪು, ತಗಡಿಗೆ 25-30 ಇದ್ದರೆ ಸಾಕು. ಒಣಗಿದ ಜಾಲಿಯಲ್ಲಿ 12 ಮಿ.ಮೀ. ಬೋಲ್ಟಿನ ತೂತು ಹೊಡೆಯುವವರು 50ರ ಮೇಲೆ ನೋಡಿ. ಆಗಲೂ ಮೊದಲು 5 ಮಿ.ಮೀ. ತೂತು ಮಾಡಿಕೊಂಡು ಆಮೇಲೆ 12ರ ಬಿಟ್ಟು ಹಾಕಿದರೆ ಯಂತ್ರಕ್ಕೂ ಸಲೀಸು, ಮಣಿಕಟ್ಟಿಗೂ ಸಲೀಸು.

ಬಿಟ್ಟು ಹಿಡಿಯುವ ಬಾಯಿಗೆ ಚಕ್ಕು ಅನ್ನುತ್ತಾರೆ. 10 ಮಿ.ಮೀ. ಮತ್ತು 13 ಮಿ.ಮೀ. ಎರಡು ಅಳತೆ. ಬಂಡಿ, ಕುಂಟೆ ಕೆಲಸ ಇದ್ದವರಿಗೆ 13 ಬೇಕು.

ಗೇರು ಎರಡಿರಲಿ. 1ನೇದು ನಿಧಾನ, ಬಲ ಹೆಚ್ಚು. ಸ್ಕ್ರೂಗೆ, ದೊಡ್ಡ ತೂತಿಗೆ, ಕಬ್ಬಿಣಕ್ಕೆ ಇದೇ. 2ನೇದು ಜೋರು, ಸಣ್ಣ ತೂತಿಗೆ. ಟ್ರ್ಯಾಕ್ಟರ್ ಓಡಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ತಿರುಗುವುದು ನಿಂತ ಮೇಲೇ ಗೇರು ಬದಲಿಸಿ.

ಚಕ್ಕಿನ ಹಿಂದೆ 1ರಿಂದ 20ರ ತನಕ ಅಂಕಿ ಇರುವ ಬಳೆ ಇರುತ್ತದೆ. ಅದು ಕ್ಲಚ್ಚು. ಸ್ಕ್ರೂ ಸಾಕಷ್ಟು ಬಿಗಿಯಾದ ಕೂಡಲೇ ತಾನೇ ಜಾರುತ್ತದೆ. ಪತ್ರಾಸಿನ ಸ್ಕ್ರೂಗೆ ರಬ್ಬರ್ ವಾಶರ್ ಇರುತ್ತದಲ್ಲ, ಹೆಚ್ಚು ಬಿಗಿದರೆ ಅದು ಹಿಸುಕಿ ಹರಿಯುತ್ತದೆ, ಮಳೆಗಾಲಕ್ಕೆ ಸೋರುತ್ತದೆ. ಸಣ್ಣ ಅಂಕಿಯಿಂದ ಶುರು ಮಾಡಿ ಏರಿಸುತ್ತಾ ಹೋಗಿ.

‘ಬ್ರಶ್‌ಲೆಸ್’ ಅಂತ ಬರೆದ ಯಂತ್ರದ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಇಲ್ಲ. ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ, ಬಿಸಿ ಕಡಿಮೆ. ದರ ಜಾಸ್ತಿ. ಕೆಟ್ಟರೆ ಒಳಗಿನ ಎಲೆಕ್ಟ್ರಾನಿಕ್ ಹಲಗೆ ಊರಲ್ಲಿ ರಿಪೇರಿ ಆಗುವುದಿಲ್ಲ. ಕಾರ್ಬನ್ ಇರುವುದಾದರೆ ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ವಾರಕ್ಕೊಮ್ಮೆ ಬಳಸುವವರಿಗೆ ಕಾರ್ಬನ್ನಿನದೇ ಸಾಕು, ದಿನಾ ಬಳಸುವವರು ಬ್ರಶ್‌ಲೆಸ್ ನೋಡಲಿ.

ಬಿಟ್ಟಿನ ಮೇಲೂ ನಾಲ್ಕು ದುಡ್ಡು ಹಾಕಿ. ಮಷೀನಿಗೆ ಬಲ ಇಲ್ಲ ಅಂತ ಬೈಸಿಕೊಳ್ಳುವ ಎಷ್ಟೋ ಕಡೆ ತಪ್ಪು ಮೊಂಡು ಬಿಟ್ಟಿನದು. ಕಲ್ಲಿನ ಬಿಟ್ಟು ಕಬ್ಬಿಣಕ್ಕಲ್ಲ, ಕಬ್ಬಿಣದ್ದು ಕಲ್ಲಿಗಲ್ಲ. ಕುಂಟೆಯ ಪಟ್ಟಿಗೆ ತೂತು ಹೊಡೆಯುವಾಗ ಮೊದಲು ಮೊಳೆಯಿಂದಲೋ ಪಂಚಿನಿಂದಲೋ ಚುಕ್ಕೆ ಇಡಿ, ಒಂದು ತೊಟ್ಟು ಎಣ್ಣೆ ಬಿಡಿ, 1ನೇ ಗೇರಿನಲ್ಲಿ ಒತ್ತಿ.

ಕೊಳ್ಳುವುದು ಬ್ಯಾಟರಿ, ಯಂತ್ರ ಅದರ ಜೊತೆಗೆ

ಯಂತ್ರ ಹತ್ತು ವರ್ಷ ಬಂದೀತು. ಬ್ಯಾಟರಿ ಅಷ್ಟು ಬರುವುದಿಲ್ಲ. ಒಂದು ಕಂಪನಿಯ ಬ್ಯಾಟರಿ ಇನ್ನೊಂದು ಕಂಪನಿಯ ಯಂತ್ರಕ್ಕೆ ಕೂಡುವುದೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಮೂರು ದರ ಬೇರೆ ಬೇರೆ ಕೇಳಿ: ಬರೀ ಯಂತ್ರಕ್ಕೆಷ್ಟು, ಒಂದು ಬ್ಯಾಟರಿಗೆಷ್ಟು, ಚಾರ್ಜರಿಗೆಷ್ಟು. “ಬ್ಯಾಟರಿ ಬ್ಯಾರೆ ಸಿಗಂಗಿಲ್ರಿ, ಸೆಟ್ಟೇ ತಗೋಬೇಕು” ಅಂದರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಟರಿ ಸತ್ತ ದಿನ ಯಂತ್ರವೂ ಸತ್ತ ಹಾಗೆ.

ಅದೇ ಬ್ಯಾಟರಿಯಲ್ಲಿ ಓಡುವ ಬೇರೆ ಯಂತ್ರ ಆ ಕಂಪನಿಯಲ್ಲಿ ಇವೆಯೇ? ಕೈಗರಗಸ, ಕೊಂಬೆ ಕತ್ತರಿ, ದೀಪ, ಗ್ರೈಂಡರ್? ಇದ್ದರೆ ಮುಂದೆ ಬರೀ ಯಂತ್ರ ಕೊಂಡರಾಯಿತು. ಓಣಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ಜಾತಿಯ ಬ್ಯಾಟರಿಯ ಯಂತ್ರ ತಗೊಂಡರೆ ಇನ್ನೂ ಚಲೋ. ಒಬ್ಬರಲ್ಲಿ ಡ್ರಿಲ್ಲು, ಒಬ್ಬರಲ್ಲಿ ಗರಗಸ. ಪತ್ರಾಸು ಹೊದಿಸುವ ದಿನ ನಾಲ್ಕೂ ಮನೆಯ ಬ್ಯಾಟರಿ ಒಂದು ಕಡೆ. ಎತ್ತು, ಆಳಿಗೆ ಮುಯ್ಯಿ ಇದ್ದ ಹಾಗೆ ಬ್ಯಾಟರಿಗೂ ಮುಯ್ಯಿ.

ಬಿಲ್ಲು ಕೇಳಿ ಪಡೆಯಿರಿ. ವಾರಂಟಿ ಯಂತ್ರಕ್ಕೆಷ್ಟು, ಬ್ಯಾಟರಿಗೆಷ್ಟು ಅಂತ ಎರಡನ್ನೂ ಓದಿಸಿ ನೋಡಿ, ಒಂದೇ ಇರುವುದಿಲ್ಲ. ರಿಪೇರಿ ಕೇಂದ್ರ ಎಲ್ಲಿದೆ? ಚಿಂಚೋಳಿಯಲ್ಲೋ, ಕಲಬುರಗಿಯಲ್ಲೋ, ತಾಂಡೂರಿನಲ್ಲೋ, ಹೈದರಾಬಾದಿನಲ್ಲೋ? ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿಸಿಯೇ ದರ ಲೆಕ್ಕ ಹಾಕಿ. ನೂರು ರೂಪಾಯಿ ಕಡಿಮೆ ಅಂತ ದೂರದ್ದು ತಂದರೆ ಮೊದಲ ರಿಪೇರಿಗೇ ಆ ಉಳಿತಾಯ ಹೋಯಿತು.

ನಮ್ಮ ಬಿಸಿಲಿಗೆ ತಕ್ಕ ಜೋಪಾನ

ಲಿಥಿಯಂ ಬ್ಯಾಟರಿಯ ದೊಡ್ಡ ವೈರಿ ಕಾವು. 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು ಅಂತಲೇ ಬಹಳಷ್ಟು ಕಂಪನಿಗಳು ಬರೆಯುತ್ತವೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ನೆರಳೇ ಅದರ ಹತ್ತಿರ ಹೋಗುತ್ತದೆ. ಪತ್ರಾಸಿನ ಕೆಳಗೆ ಇನ್ನೂ ಹೆಚ್ಚು. ಆದ್ದರಿಂದ ಚಾರ್ಜ್ ಬೆಳಗಿನ ಜಾವವೋ ರಾತ್ರಿಯೋ ಮಾಡಿ. ಕೆಲಸ ಮುಗಿದ ಕೂಡಲೇ ಚುಚ್ಚಬೇಡಿ, ಮುಟ್ಟಿದರೆ ತಣ್ಣಗಿರಬೇಕು. ಪಂಪಿನ ಶೆಡ್ಡಿನಲ್ಲಿ, ಟ್ರ್ಯಾಕ್ಟರಿನ ಮೇಲೆ ಬಿಟ್ಟು ಬರಬೇಡಿ.

ಸ್ಪ್ರೇ ಪಂಪಿನ ಸೀಸದ ಬ್ಯಾಟರಿಯನ್ನು ತುಂಬಿಸಿಯೇ ಇಡಬೇಕು. ಡ್ರಿಲ್ಲಿನದು ಹಾಗಲ್ಲ. ತಿಂಗಳುಗಟ್ಟಲೆ ಕೆಲಸ ಇಲ್ಲದಾಗ ಅರ್ಧ ತುಂಬಿಸಿ ತಂಪು ಜಾಗದಲ್ಲಿ ಇಡಿ, ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಪೂರ್ತಿ ಖಾಲಿ ಮಾಡಿ ಮರೆತರೆ ಮತ್ತೆ ಚಾರ್ಜೇ ಹಿಡಿಯದಂತಾಗುತ್ತದೆ. ಒಂದರ ಚಾರ್ಜರ್ ಇನ್ನೊಂದಕ್ಕೆ ಹಾಕುವುದು, ಪಂಪಿನ ಬ್ಯಾಟರಿಗೆ ವಯರು ಎಳೆದು ಡ್ರಿಲ್ಲು ಓಡಿಸುವುದು ಬೇಡ. ಬೆಂಕಿಯ ಜೊತೆ ಆಟ ಅದು. ಉಬ್ಬಿದ ಪ್ಯಾಕನ್ನು ಬಳಸಬೇಡಿ. ತಿಪ್ಪೆಗೂ ಒಲೆಗೂ ಹಾಕಬೇಡಿ, ಅಂಗಡಿಗೆ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸು ಪಡೆಯುವುದು ತಯಾರಕರ ಹೊಣೆ.

ಕೈ, ಕಣ್ಣು ಮೊದಲು

ದೊಡ್ಡ ಬಿಟ್ಟು ಕಟ್ಟಿಗೆಯಲ್ಲಿ ಸಿಕ್ಕಿಕೊಂಡರೆ ಬಿಟ್ಟು ನಿಲ್ಲುತ್ತದೆ, ಯಂತ್ರ ತಿರುಗುತ್ತದೆ. ಮಣಿಕಟ್ಟು ಉಳುಕುವುದು ಆಗಲೇ. 50 ನ್ಯೂಟನ್-ಮೀಟರ್ ಮೇಲಿನದಾದರೆ ಪಕ್ಕದ ಹಿಡಿಕೆ ಹಾಕಿಯೇ ಕೆಲಸ ಮಾಡಿ. ನೆಲ ಕೊರೆಯುವ ಬುರುಡಿ ಬಿಟ್ಟು ಹಾಕಿ ನಮ್ಮ ಎರೆ ಭೂಮಿಯಲ್ಲಿ ಸಸಿ ಗುಂಡಿ ತೋಡುವ ಸಾಹಸವೂ ಬೇಡ. ಹಸಿ ಎರೆ ಬಿಟ್ಟನ್ನು ಹಿಡಿದುಕೊಂಡು ಬಿಡುವುದಿಲ್ಲ.

ಧೋತರದ ಚುಂಗು, ಸೆರಗು, ಟವೆಲು ಕಟ್ಟಿಕೊಳ್ಳಿ. ತಿರುಗುವ ಬಿಟ್ಟಿನ ಹತ್ತಿರ ಬಟ್ಟೆಯ ಕೈಚೀಲ ಹಾಕಬೇಡಿ, ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಕಲ್ಲಾದರೆ ಮೂಗಿಗೆ ಬಟ್ಟೆ. ಸಣ್ಣ ಕಬ್ಬಿಣದ ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ಟು ಬದಲಿಸುವಾಗ ಬ್ಯಾಟರಿ ತೆಗೆದಿಡಿ. ಗೋಡೆಯಲ್ಲಿ ಸ್ವಿಚ್ಚಿನ ನೇರ ಮೇಲೆ, ಕೆಳಗೆ ವಯರು ಇರುತ್ತದೆ. ಅಲ್ಲಿ ತೂತು ಬೇಡ.

ಯಾರಿಗೆ ಯಾವುದು?

ವರ್ಷಕ್ಕೆ ಹತ್ತಿಪ್ಪತ್ತು ತೂತು, ಅವೂ ಮನೆಯ ಗೋಡೆಗೆ: ವಯರಿನ 13 ಮಿ.ಮೀ. ಬಡಿತದ ಡ್ರಿಲ್ಲು. ಒಂದು ಉದ್ದ ಎಕ್ಸ್‌ಟೆನ್ಶನ್ ವಯರು.

ಸ್ಕ್ರೂ, ಕೀಲು, ಪೈಪು, ತೆಳು ತಗಡು ಮಾತ್ರ: 12 ವೋಲ್ಟಿನ ಸಣ್ಣ ಯಂತ್ರ. ಹಗುರ, ಹೆಣ್ಣುಮಕ್ಕಳಿಗೂ ಹುಡುಗರಿಗೂ ಹಿಡಿಯಲು ಸಲೀಸು.

ಹೊಲದಲ್ಲಿ ಬಂಡಿ, ಕೂರಿಗೆ, ಕುಂಟೆ, ಕೊಟ್ಟಿಗೆ ಪತ್ರಾಸು: 18 ವೋಲ್ಟು, 13 ಮಿ.ಮೀ. ಚಕ್ಕು, ಎರಡು ಗೇರು, 50 ನ್ಯೂಟನ್-ಮೀಟರ್ ಮೇಲೆ, ಬ್ಯಾಟರಿ ಎರಡು.

ಕರಿಕಲ್ಲು, ಕಾಂಕ್ರೀಟು ಬಹಳ ಇದ್ದವರು: ಸುತ್ತಿಗೆ ಡ್ರಿಲ್ಲು, ಅದೂ ವಯರಿನದು. ಮನೆಗೊಂದು ಬೇಕಿಲ್ಲ, ಓಣಿಗೊಂದು ಇದ್ದರೆ ಆದೀತು.

ದುಡ್ಡು ಕಡಿಮೆ ಇದ್ದರೆ ಹೆಸರಿಲ್ಲದ ‘48 ವೋಲ್ಟ್’ ತರುವುದಕ್ಕಿಂತ ಈ ವರ್ಷ ವಯರಿನದು ತಂದು, ಮುಂದಿನ ರಾಶಿಗೆ ಬ್ಯಾಟರಿಯದು ನೋಡುವುದು ಮೇಲು. ಕೊಳ್ಳುವ ದಿನ ಒಂದು ಒಣ ಜಾಲಿ ತುಂಡು, ಒಂದು ಚೂರು ಫರಸಿ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. “ಇದರಾಗ ಒಂದು ತೂತ ಹೊಡೆದು ತೋರಸ್ರಿ” ಅನ್ನಿ. ಬೀಜ ಕೊಳ್ಳುವಾಗ ಮೊಳಕೆ ನೋಡುವ ನಾವು ಯಂತ್ರ ಕೊಳ್ಳುವಾಗ ಇಷ್ಟಾದರೂ ನೋಡಬೇಡವೇ?